ಪಿಎಚ್‌ಡಿ ಗೆಳೆಯರ ಗಮನಕ್ಕೆ

ಮೂರನೇ ವರ್ಷ ದಾಟಿದವರು ಒಬ್ಬೊಬ್ಬರಾಗಿ ಗುಂಪಿನಲ್ಲಿ ಸುಮ್ಮನಾಗುತ್ತಿದ್ದೀರಿ, ಅದಕ್ಕೇ ಈ ಸೂಚನೆ.

ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿಯಾದರೆ ಇನ್ನೂ 2 ವರ್ಷದವರೆಗೆ ಸಿಗಬಹುದು. ಮಹಿಳೆಯರಿಗೆ ಹೆರಿಗೆ, ಮಕ್ಕಳ ಆರೈಕೆಗೆ 240 ದಿನದವರೆಗೆ ರಜೆಯೂ ಇದೆ. ಕೇಳಲು ಸಂಕೋಚ ಬೇಡ.

ಗೈಡ್ ಫೋನ್ ಎತ್ತದಿದ್ದರೆ ಕಾಯುತ್ತಾ ಕೂರಬೇಡಿ. ಬರೆದಷ್ಟನ್ನು, ಎರಡೇ ಪುಟವಾದರೂ, ಮೇಲ್ ಮಾಡಿ. ನಾನು ಎಂಟು ತಿಂಗಳು ಸುಮ್ನೆ ಕಾದೆ. ಒಂದು ಅಧ್ಯಾಯವೂ ಮುಗಿಯಲಿಲ್ಲ! ಅಧ್ಯಾಯ ಹೇಗಿರಬೇಕೆಂದು ತಿಳಿಯದಿದ್ದರೆ ಶೋಧಗಂಗಾದಲ್ಲಿ (ಭಾರತದ ವಿವಿಗಳ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹ) ನಿಮ್ಮ ವಿಷಯದ ಥೀಸಿಸ್ ತೆರೆದು ನೋಡಿ, ದುಡ್ಡು ಕೊಡಬೇಕಿಲ್ಲ.

ಭಾನುವಾರ ಬೆಳಿಗ್ಗೆ 7ಕ್ಕೆ ಬಳ್ಳಾರಿ ಕೋಟೆ ಗುಡ್ಡದ ಬುಡದಲ್ಲಿ ಸೇರೋಣ. ಬಿಸಿಲೇರುವ ಮೊದಲೇ ಬನ್ನಿ. ಒಗ್ಗರಣೆ-ಮಿರ್ಚಿ ನನ್ನ ಲೆಕ್ಕ. "ಥೀಸಿಸ್ ಎಲ್ಲಿಗೆ ಬಂತು?" ಎಂದು ಮಾತ್ರ ಯಾರೂ ಕೇಳಬಾರದು.