ನಿನ್ನ ತಂಗಿ ಮಗಳು ಸೆಟ್ಟಿಗೆ ಹೋಗುವ ಮುಂಚೆ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ತಂಗಿ ಮಗಳಿಗೆ ಒಂದು ಸಿನಿಮಾದಲ್ಲಿ ಕಾಸ್ಟ್ಯೂಮ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ ಕಣೋ. ನೀನು ಆ ಲೈನಲ್ಲಿ ಇದ್ದೋನು, ಕಳಿಸಬಹುದಾ ಹೇಳು" ಅಂದೆ. "ನೋಡಿ ಹೇಳ್ತೀನಿ" ಅಂತ ಫೋನ್ ಇಟ್ಟುಬಿಟ್ಟೆ. ಇಟ್ಟಮೇಲೆ ನಿದ್ದೆ ಬರಲಿಲ್ಲ. 2018ರ ಅಕ್ಟೋಬರ್ ನೆನಪಾಯಿತು. ನಾವಿಬ್ಬರೂ ಮಾತು ಬಿಟ್ಟದ್ದು, ಅದಾಗಿ ಎರಡು ದೀಪಾವಳಿ ಒಬ್ಬರಿಗೊಬ್ಬರು ಫೋನ್ ಮಾಡದೆ ಕಳೆದದ್ದು ನೆನಪಾಯಿತು. ಆ ಜಗಳದ ಬಗ್ಗೆ ನಾವು ಮತ್ತೆ ಬಾಯಿ ಬಿಟ್ಟೇ ಇಲ್ಲ. ಇವತ್ತು ಬರೆಯುತ್ತೇನೆ, ಏಕೆಂದರೆ ನಿನ್ನ ಪ್ರಶ್ನೆಗೆ ಉತ್ತರ ಆ ಜಗಳದೊಳಗೇ ಇದೆ. ನಿನ್ನ ಒಪ್ಪಿಗೆ ಪಡೆದೇ ಇದನ್ನು ನಾಲ್ಕು ಜನ ಓದುವ ಹಾಗೆ ಹಾಕುತ್ತಿದ್ದೇನೆ.

ದಸರಾ ಮುಗಿದ ಮಾರನೇ ದಿನ, ಅಕ್ಟೋಬರ್ 20. ನಟಿ ಶ್ರುತಿ ಹರಿಹರನ್ ಫೇಸ್‌ಬುಕ್ಕಿನಲ್ಲಿ ಬರೆದುಕೊಂಡರು. 'ವಿಸ್ಮಯ' ಚಿತ್ರೀಕರಣದಲ್ಲಿ, ಗಂಡ ಹೆಂಡತಿಯ ದೃಶ್ಯವೊಂದರ ರಿಹರ್ಸಲ್ ವೇಳೆ, ಅರ್ಜುನ್ ಸರ್ಜಾ ಮುನ್ಸೂಚನೆ ಕೊಡದೆ ತಮ್ಮನ್ನು ತಬ್ಬಿ ಬೆನ್ನ ಮೇಲೆ ಕೈಯಾಡಿಸಿದರು ಎಂಬುದು ಅವರ ಆರೋಪ. ಅರ್ಜುನ್ ಅದನ್ನು ಪೂರ್ತಿ ಅಲ್ಲಗಳೆದರು. ಕನ್ನಡದಲ್ಲಿ 'ವಿಸ್ಮಯ', ತಮಿಳಿನಲ್ಲಿ 'ನಿಬುಣನ್' ಆಗಿ 2017ರಲ್ಲಿ ತೆರೆಗೆ ಬಂದ ಆ ಚಿತ್ರ ಅವರ ನೂರೈವತ್ತನೆಯದು. ಅದೂ ನೀನು ಹೇಳಿಯೇ ನನಗೆ ಗೊತ್ತಾದದ್ದು.

ನಿನ್ನ ಮಟ್ಟಿಗೆ ಅವರು ಬರೀ ಸಿನಿಮಾ ನಟ ಅಲ್ಲ, ಊರಿನವರು. ಮಧುಗಿರಿಯ ಮಣ್ಣಿನಿಂದ ಹೋಗಿ ಮದ್ರಾಸಿನಲ್ಲಿ ಗೆದ್ದ ಶಕ್ತಿಪ್ರಸಾದರ ಮಗ. 'ಶ್ರೀ ಮಂಜುನಾಥ' ನೋಡಲು ನಾವು ತುಮಕೂರಿಗೆ ಬಸ್ಸಿನಲ್ಲಿ ಹೋಗಿದ್ದು, ಬರುವಾಗ ಸೀಟು ಸಿಗದೆ ಕೊರಟಗೆರೆವರೆಗೂ ನಿಂತೇ ಬಂದಿದ್ದು ನನಗೂ ನೆನಪಿದೆ. ಅಂಥವರ ಮೇಲೆ ಮಾತು ಬಂದರೆ ನಿನಗೆ ಮನೆಯವರ ಮೇಲೆ ಬಂದಂತೆ. ಅದನ್ನು ನಾನು ಅವತ್ತು ಅರ್ಥ ಮಾಡಿಕೊಳ್ಳಲಿಲ್ಲ. ನೀನು "ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?" ಅಂದೆ. ನಾನು "ಮಾಡೇ ಇರ್ತಾರೆ, ಸುಮ್ನಿರು" ಅಂದೆ. ನೀನು ಆ ಸೆಟ್ಟಿನಲ್ಲಿ ಇರಲಿಲ್ಲ, ನಾನೂ ಇರಲಿಲ್ಲ. ಆದರೂ ಅಲ್ಲೇ ನಿಂತು ಕಣ್ಣಾರೆ ಕಂಡವರ ಹಾಗೆ ಕಿತ್ತಾಡಿದೆವು.

ಇಡೀ ನಾಡೇ ಆ ವಾರ ಹಾಗೆ ಕಿತ್ತಾಡಿತು. ಟಿವಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಅದೇ. 25ನೇ ತಾರೀಖು ಫಿಲಂ ಚೇಂಬರಿನಲ್ಲಿ ಅಂಬರೀಶ್ ಅವರ ಮುಂದಾಳತ್ವದಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸಿದರು. ರಾಜಿ ಆಗಲಿಲ್ಲ. ಅರ್ಜುನ್ ಕಡೆಯಿಂದ 5 ಕೋಟಿ ರೂಪಾಯಿಯ ಮಾನನಷ್ಟ ಮೊಕದ್ದಮೆ ಬಿತ್ತು. 27ರಂದು ಶ್ರುತಿ ಕಬ್ಬನ್ ಪಾರ್ಕ್ ಠಾಣೆಗೆ ಹೋಗಿ ದೂರು ಕೊಟ್ಟರು. ಲೈಂಗಿಕ ಕಿರುಕುಳ, ಬೆದರಿಕೆಗೆ ಸಂಬಂಧಿಸಿದ ಐಪಿಸಿ 354, 354ಎ, 506, 509ರ ಕೆಳಗೆ ಎಫ್‌ಐಆರ್ ಆಯಿತು. ಒಂದು ತಿಂಗಳಾಗುವಷ್ಟರಲ್ಲಿ ಅಂಬರೀಶ್ ಅವರೇ ತೀರಿಕೊಂಡರು. ಆಮೇಲೆ ಮೂರು ವರ್ಷ ಕಳೆದು, 2021ರ ಕೊನೆಯಲ್ಲಿ, ಸಾಕ್ಷ್ಯ ಸಾಲದು ಎಂದು ಪೊಲೀಸರು ಬಿ ರಿಪೋರ್ಟ್, ಅಂದರೆ ಕೇಸು ಮುಗಿಸುವ ವರದಿ, ಹಾಕಿದರು. ಅವತ್ತು ನೀನು ವಾಟ್ಸಾಪಿನಲ್ಲಿ ಆ ಸುದ್ದಿ ಕಳಿಸಿದ್ದೆ, ಮೇಲೆ ಒಂದಕ್ಷರವನ್ನೂ ಬರೆಯದೆ. ನಾನೂ ಏನೂ ಬರೆಯಲಿಲ್ಲ.

ಈಗ ಬರೆಯುತ್ತೇನೆ. ಅರ್ಜುನ್ ಮೇಲಿನ ಆರೋಪ ಯಾವ ನ್ಯಾಯಾಲಯದಲ್ಲೂ ಸಾಬೀತಾಗಿಲ್ಲ. "ಮಾಡೇ ಇರ್ತಾರೆ" ಅಂದ ನನ್ನ ಮಾತು ತಪ್ಪು, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹಾಗೆಯೇ, ಸಾಕ್ಷ್ಯ ಸಾಲದು ಅನ್ನುವುದೂ ಹೇಳಿದ್ದೆಲ್ಲ ಸುಳ್ಳು ಅನ್ನುವುದೂ ಒಂದೇ ಅಲ್ಲ. ಇದು ನಾನು ಕಟ್ಟಿದ ವಾದವಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲೇ ಇದೆ: ದುರುದ್ದೇಶದಿಂದ ಸುಳ್ಳು ದೂರು ಕೊಟ್ಟರೆ ಕ್ರಮ ಉಂಟು, ಆದರೆ ಪುರಾವೆ ಒದಗಿಸಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಕೊಟ್ಟವಳನ್ನು ಶಿಕ್ಷಿಸಬೇಕಾಗಿಲ್ಲ.

ಇನ್ನು ನಿನ್ನ 'ಎರಡು ವರ್ಷ'ಕ್ಕೆ ಬರುತ್ತೇನೆ. ಇದನ್ನು ನಾನು ನಿನಗೆ ಯಾವತ್ತೂ ಹೇಳಿಲ್ಲ.

ನಾನು ಸಹಾಯಕ ನಿರ್ದೇಶಕನಾಗಿದ್ದ ಮೂರು ವರ್ಷದಲ್ಲಿ ಒಂದು ಸಿನಿಮಾ ಬಿಡುಗಡೆಯೇ ಆಗಲಿಲ್ಲ ಅಂತ ಹೇಳ್ತಿದ್ದೆನಲ್ಲ, ಅದರ ಹಾಡಿನ ಶೂಟಿಂಗು. ಕೆರೆ ಏರಿಯ ಮೇಲೆ ಹದಿನಾರು ಜನ ಹುಡುಗಿಯರು, ಎಲ್ಲರಿಗೂ ಹಳದಿ ಲಂಗದಾವಣಿ. ಬಟ್ಟೆ ಬದಲಿಸಲು ಪಂಪ್‌ಹೌಸ್ ಹಿಂದೆ ಎರಡು ಸೀರೆ ಕಟ್ಟಿ ಮರೆ ಮಾಡಿದ್ದರು. ನನ್ನ ಕೆಲಸ ಕಂಟಿನ್ಯೂಟಿ. ಯಾರ ಬಳೆ ಎಷ್ಟು, ಯಾರ ಹೂವು ಯಾವ ಕಡೆ, ಯಾರು ಎಲ್ಲಿ ನಿಂತಿದ್ದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಮಧ್ಯಾಹ್ನ ಊಟದ ಹೊತ್ತಿಗೆ ಎರಡನೇ ಸಾಲಿನ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಯೂನಿಟ್ಟಿನ ಹಿರಿಯರೊಬ್ಬರು ಆ ಸೀರೆಯ ಮರೆಯೊಳಗೆ ಬಂದು ಏನು ಮಾಡಿದರೆಂದು ಎರಡೇ ವಾಕ್ಯದಲ್ಲಿ ಹೇಳಿದಳು. ಆಮೇಲೆ ಕೇಳಿದಳು, "ಸರ್, ಇದನ್ನ ಯಾರಿಗೆ ಹೇಳ್ಬೇಕು?"

ನನಗೆ ಗೊತ್ತಿರಲಿಲ್ಲ ಕಣೋ. ಊಟಕ್ಕೆ ಯಾರು, ಗಾಡಿಗೆ ಯಾರು, ಲೈಟಿಗೆ ಯಾರು ಎಲ್ಲಾ ಗೊತ್ತಿತ್ತು. ಇದಕ್ಕೆ ಯಾರು ಅಂತ ಗೊತ್ತಿರಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. "ಇನ್ನೂ ಎರಡು ಬಿಟ್ ಬಾಕಿ ಇದೆ, ಬೆಳಕು ಹೋಗ್ತಿದೆ. ಪ್ಯಾಕಪ್ ಆಗ್ಲಿ, ನೋಡೋಣ" ಅಂದರು. ಪ್ಯಾಕಪ್ ಆಯಿತು, ಯಾರೂ ಏನೂ ನೋಡಲಿಲ್ಲ. ಮಾರನೇ ದಿನ ವ್ಯಾನಿನಿಂದ ಇಳಿದವರು ಹದಿನೈದೇ ಜನ. ನಾನು ನೋಟ್‌ಬುಕ್ ತೆಗೆದು "ಎರಡನೇ ಸಾಲು, ಎಡದಿಂದ ಮೂರನೆಯವರು ಇಲ್ಲ, ಕಂಟಿನ್ಯೂಟಿ ತಪ್ಪುತ್ತೆ" ಅಂದೆ. "ಹಿಂದಿನ ಸಾಲು ತಾನೆ, ಯಾರಿಗೂ ಗೊತ್ತಾಗಲ್ಲ" ಅಂದರು. ನಾನು ಹದಿನೈದು ಎಂದು ಬರೆದುಕೊಂಡೆ. ಆ ಹಾಡಿನ ಪಲ್ಲವಿಯಲ್ಲಿ ಅವಳಿದ್ದಾಳೆ, ಎರಡನೇ ಚರಣದಲ್ಲಿ ಇಲ್ಲ.

ಅವಳು ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ, ಅರ್ಧ ಗಂಟೆಯೊಳಗೆ ಕೇಳಿದಳು. ಕೇಳಿದ್ದಕ್ಕೆ ದಿನಗೂಲಿ ಹೋಯಿತು. ಶ್ರುತಿಯವರೂ ಗುಂಪು ನೃತ್ಯದಿಂದಲೇ ಚಿತ್ರರಂಗಕ್ಕೆ ಬಂದವರು ಎಂದು ಎಲ್ಲೋ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹಳದಿ ದಾವಣಿ. 'ಲೂಸಿಯಾ'ದಂಥ ಚಿತ್ರದ ನಾಯಕಿ, ಹೆಸರಿದ್ದವರು ಮಾತಾಡಿದ್ದಕ್ಕೇ ಆಮೇಲೆ ಅವಕಾಶ ಕಡಿಮೆಯಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರ ಪ್ರಶಸ್ತಿಗಳಲ್ಲಿ 'ನಾತಿಚರಾಮಿ'ಯ ಅಭಿನಯಕ್ಕೆ ವಿಶೇಷ ಉಲ್ಲೇಖ ಸಿಕ್ಕಿದ್ದೂ ಅವರಿಗೇ. ಎಡದಿಂದ ಮೂರನೆಯವಳಿಗೆ ಯಾವ ಧೈರ್ಯ ಬರಬೇಕು ಹೇಳು.

ನಾನು ಆ ಕಾಯ್ದೆಯನ್ನು ಕೂತು ಓದಿದ್ದು ತೀರಾ ಈಚೆಗೆ. ಓದಿದಾಗ ಹೊಟ್ಟೆ ಉರಿಯಿತು. ತನ್ನ ಕೆಲಸ ಮಾಡಿದ್ದಕ್ಕೇ ಅತ್ಯಾಚಾರಕ್ಕೊಳಗಾದ ರಾಜಸ್ಥಾನದ ಭಂವರಿ ದೇವಿ ಪ್ರಕರಣದಿಂದ ಹುಟ್ಟಿದ, ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಅದರ ಬೆನ್ನಿಗೆ ಹದಿನಾರು ವರ್ಷ ತಡವಾಗಿ ಬಂದ ಕಾಯ್ದೆ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಯಾವ ಕೆಲಸದ ಜಾಗದಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು. ದಿನಗೂಲಿಯವರು, ಏಜೆಂಟರ ಮೂಲಕ ಬಂದವರು ಎಲ್ಲರೂ ಅದರ ಲೆಕ್ಕದಲ್ಲಿ ನೌಕರರೇ. ಕೆಲಸಕ್ಕೆ ಹೋಗುವ ವ್ಯಾನ್ ಕೂಡ ಕೆಲಸದ ಜಾಗವೇ. ಅಂದರೆ ಆ ಕೆರೆ ಏರಿಯ ಮೇಲೆ, ಆ ಎರಡು ಸೀರೆಯ ಮರೆಯೊಳಗೆ, ಕಾನೂನು ಇತ್ತು. ನಮ್ಮ ಯೂನಿಟ್ಟಿನ ನೂರು ಜನದಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಆ ಸಮಿತಿಯ ಮುಂದೆ ಹೋದ ದೂರು ಗುಟ್ಟಾಗಿರಬೇಕು. ದೂರಿದವಳ ಹೆಸರಾಗಲಿ, ಆರೋಪ ಹೊತ್ತವರ ಹೆಸರಾಗಲಿ ಪತ್ರಿಕೆಗೆ ಟಿವಿಗೆ ಹೋಗುವಂತಿಲ್ಲ. 90 ದಿನದೊಳಗೆ ವಿಚಾರಣೆ ಮುಗಿಯಬೇಕು. ಯೋಚನೆ ಮಾಡು. ಆ ರಿಹರ್ಸಲ್ ನಡೆದ ದಿನ ಅಂಥದೊಂದು ಸಮಿತಿ ಕೈಗೆಟುಕುವಂತೆ ಇದ್ದಿದ್ದರೆ, ಅವತ್ತು ಅಲ್ಲಿದ್ದವರೆಲ್ಲರ ನೆನಪು ಹಸಿಯಾಗಿರುವಾಗಲೇ ಮಾತು ಕೇಳಿ ಬರೆದುಕೊಳ್ಳುತ್ತಿದ್ದರು. ಶ್ರುತಿಯವರು ಫೇಸ್‌ಬುಕ್ಕಿಗೆ ಬರಬೇಕಾಗುತ್ತಿರಲಿಲ್ಲ. ನಿನ್ನ ಅರ್ಜುನ್ ಸರ್ ಹೆಸರೂ ಬೀದಿಗೆ ಬೀಳುತ್ತಿರಲಿಲ್ಲ. ತಪ್ಪಿಲ್ಲದಿದ್ದರೆ ಮೂರು ತಿಂಗಳಿಗೆ ತಪ್ಪಿಲ್ಲ ಅನ್ನುವುದು ತೀರ್ಮಾನವಾಗುತ್ತಿತ್ತು, ವರ್ಷಗಟ್ಟಲೆ ಹಣೆಗೆ ಅಂಟಿಕೊಂಡು ಕೂರುತ್ತಿರಲಿಲ್ಲ. ನಾವು ಅವತ್ತು ಜಗಳ ಆಡಬೇಕಾಗಿದ್ದು ಇದಕ್ಕೆ, ಒಟ್ಟಿಗೆ ನಿಂತು ಆಡಬೇಕಾಗಿತ್ತು.

ಚೇಂಬರಿನ ಸಭೆಯ ಬಗ್ಗೆಯೂ ನನಗೆ ಬೇಸರವಿದೆ. ಅಂಬರೀಶಣ್ಣನ ದೊಡ್ಡ ಮನಸ್ಸಿನ ಮೇಲೆ ನನಗೆ ಸಂಶಯವಿಲ್ಲ. ಎಷ್ಟು ಜಗಳ ಅವರು ಕೂತು ಬಗೆಹರಿಸಿಲ್ಲ! ಆದರೆ ಹೆಣ್ಣುಮಗಳೊಬ್ಬಳು ಕೊಟ್ಟ ಇಂಥ ದೂರು, ಸಂಭಾವನೆ ಬಾಕಿಯ ತಕರಾರಲ್ಲ. ಹೊರಗೆ ನಲವತ್ತು ಕ್ಯಾಮೆರಾ ಕಾಯುತ್ತಿರುವ ಕಟ್ಟಡದಲ್ಲಿ ಹಿರಿಯರ ಮುಂದೆ ಇಬ್ಬರನ್ನೂ ಕೂರಿಸಿ ಸಂಧಾನ ಮಾಡುವಂಥದ್ದಲ್ಲ. ಕಾಯ್ದೆಯ ಪ್ರಕಾರ ಸಂಧಾನ ಬೇಕು ಅಂತ ಕೇಳಬಹುದಾದವಳು ದೂರಿದವಳು ಮಾತ್ರ.

ಅದೇ ತಿಂಗಳು ದಿಲ್ಲಿಯಲ್ಲಿ ಎಂ.ಜೆ. ಅಕ್ಬರ್ ಮಂತ್ರಿಗಿರಿ ಬಿಟ್ಟಿದ್ದು, ತಮ್ಮ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಣಿ ಮೇಲೆ ಮಾನಹಾನಿ ಕೇಸು ಹಾಕಿದ್ದು ನಿನಗೆ ನೆನಪಿರಬಹುದು. ಅದು ಬೇರೆಯೇ ಪ್ರಕರಣ, ಇದಕ್ಕೆ ಹೋಲಿಸುತ್ತಿಲ್ಲ. 2021ರ ಫೆಬ್ರವರಿ 17ರಂದು ರಮಣಿಯವರನ್ನು ಖುಲಾಸೆ ಮಾಡುವಾಗ ಆ ನ್ಯಾಯಾಲಯ, ಹೆಣ್ಣಿಗೆ ತನ್ನ ದೂರನ್ನು ದಶಕಗಳಾದ ಮೇಲೂ, ತಾನು ಆರಿಸಿದ ವೇದಿಕೆಯಲ್ಲಿ ಹೇಳುವ ಹಕ್ಕಿದೆ ಎಂದಿತು. ಅದನ್ನು ಓದಿದಾಗ ನಿನ್ನ 'ಎರಡು ವರ್ಷ' ಮತ್ತೆ ಕಿವಿಯಲ್ಲಿ ಕೇಳಿಸಿತು, ಫೋನ್ ಮಾಡಬೇಕು ಅನ್ನಿಸಿತು. ಮಾಡಲಿಲ್ಲ.

ಪಕ್ಕದ ಕೇರಳದಲ್ಲಿ ಹೆಣ್ಣುಮಕ್ಕಳೇ ಸಂಘ ಕಟ್ಟಿಕೊಂಡು ಹೈಕೋರ್ಟಿಗೆ ಹೋದರು. ಪ್ರತಿ ಸಿನಿಮಾದ ನಿರ್ಮಾಣ ತಂಡವೂ ಕೆಲಸದ ಜಾಗವೇ, ಅಲ್ಲಿ ಸಮಿತಿ ಇರಬೇಕು ಎಂದು 2022ರ ಮಾರ್ಚಿನಲ್ಲಿ ಆದೇಶ ತಂದರು. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ನೋಡಲು ನೇಮಿಸಿದ್ದ ನ್ಯಾಯಮೂರ್ತಿ ಹೇಮಾ ಅವರ ಸಮಿತಿ 2019ರ ಕೊನೆಗೇ ಕೊಟ್ಟ ವರದಿ ಹೊರಬಂದದ್ದು 2024ರ ಆಗಸ್ಟ್‌ನಲ್ಲಿ. ಸೆಟ್ಟಿನಲ್ಲಿ ಶೌಚಾಲಯ ಇಲ್ಲವೆಂದು ಹೆಣ್ಣುಮಕ್ಕಳು ನೀರು ಕುಡಿಯದೆ ದಿನ ದೂಡುತ್ತಾರೆ ಎಂದು ಅದರಲ್ಲಿದೆ. ನಮ್ಮ ಆ ಹದಿನಾರು ಜನ ಬೆಳಗ್ಗೆಯಿಂದ ಒಂದು ಲೋಟ ನೀರು ಮುಟ್ಟದಿದ್ದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು. ಆ ವರದಿಯಲ್ಲೇ ಇನ್ನೊಂದು ಕಹಿ ಮಾತಿದೆ: ಸಿನಿಮಾದಲ್ಲಿ ಇಂಥ ಆಂತರಿಕ ಸಮಿತಿಯೂ ದೊಡ್ಡವರ ಒತ್ತಡಕ್ಕೆ ಮಣಿದುಬಿಡಬಹುದು, ಹೊರಗಿನ ಸ್ವತಂತ್ರ ನ್ಯಾಯಮಂಡಳಿ ಬೇಕು ಅಂತ. ನಾನು ನೋಡಿದ ಮಟ್ಟಿಗೆ ಅದು ನಿಜ. ಮ್ಯಾನೇಜರನ್ನೇ ಸಮಿತಿಯಲ್ಲಿ ಕೂರಿಸಿದರೆ ಮತ್ತೆ "ಪ್ಯಾಕಪ್ ಆಗ್ಲಿ" ಅನ್ನುತ್ತಾರೆ. ನಮ್ಮಲ್ಲೂ ಆ ಸೆಪ್ಟೆಂಬರಿನಲ್ಲಿ ಚಿತ್ರರಂಗದವರದೇ ಆದ 'ಫೈರ್' ಸಂಸ್ಥೆ 153 ಜನರ ಸಹಿ ಹಾಕಿಸಿ, ಹೇಮಾ ಸಮಿತಿಯಂಥದೇ ಒಂದು ಕನ್ನಡಕ್ಕೂ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟಿತು.

ಹೂಂ, ನಿನ್ನ ತಂಗಿ ಮಗಳ ವಿಷಯ. ಕಳಿಸು. ಅವಳ ಕೈ ಚೆನ್ನಾಗಿದೆ. ನಿಮ್ಮ ಮನೆ ಗೃಹಪ್ರವೇಶಕ್ಕೆ ಅವಳೇ ಹೊಲಿದ ಆ ಕುಪ್ಪಸದ ತೋಳಿನ ಕಸೂತಿಯನ್ನು ನನ್ನ ಹೆಂಡತಿ ಇನ್ನೂ ಹೇಳುತ್ತಿರುತ್ತಾಳೆ. ಆದರೆ ಹೋಗುವ ಮುಂಚೆ ಅವಳೇ ಪ್ರೊಡಕ್ಷನ್ ಆಫೀಸಿಗೆ ಫೋನ್ ಮಾಡಿ ಕೇಳಲಿ: ನಿಮ್ಮ ದೂರು ಸಮಿತಿಯ ಅಧ್ಯಕ್ಷೆ ಯಾರು, ಅವರ ನಂಬರ್ ಏನು, ಹೊರಗಿನ ಸದಸ್ಯರು ಯಾರು. ನೀನು ಕೇಳಬೇಡ, ಅವಳೇ ಕೇಳಲಿ, ಅವಳ ಕೆಲಸ ಅದು. ನಗೆಯಾಡಿದರೆ ಅಥವಾ "ಅದೆಲ್ಲ ಯಾಕಮ್ಮ" ಅಂದರೆ ನನಗೆ ತಿಳಿಸು, ಬೇರೆ ತಂಡದಲ್ಲಿ ಕೇಳುತ್ತೇನೆ, ಇಬ್ಬರು ಪರಿಚಯದವರು ಇನ್ನೂ ಇದ್ದಾರೆ. ಹತ್ತು ಜನವೂ ಇಲ್ಲದ ಸಣ್ಣ ತಂಡವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಅದರ ನಂಬರನ್ನೂ ಹುಡುಕಿಟ್ಟುಕೊಳ್ಳಲಿ. ದೂರು ಕೊಡಲು ಇರುವುದು ಮೂರೇ ತಿಂಗಳು, ಕಾರಣ ಹೇಳಿದರೆ ಇನ್ನೊಂದು ಮೂರು. ಸಿನಿಮಾ ಯೂನಿಟ್ ಅಷ್ಟರಲ್ಲಿ ಡೇರೆ ಕಿತ್ತುಕೊಂಡು ಹೋಗಿರುತ್ತದೆ. ಅದಕ್ಕೇ ದಿನಾ ರಾತ್ರಿ ಒಂದು ಸಾಲಾದರೂ ಡೈರಿ ಬರೆಯಲು ಹೇಳು.

ಅಗ್ರಿಮೆಂಟ್ ಕೊಟ್ಟಿದ್ದರೆ ಎಲ್ಲಾ ಪುಟದ ಫೋಟೋ ತೆಗೆದು ಕಳಿಸಲಿ. ಈ ಭಾನುವಾರ ಕೂತು ಓದುತ್ತೇನೆ. ಸಹಿ ಸೋಮವಾರ ಹಾಕಿದರಾಯಿತು.

ನಿನ್ನ,
ಬಸ್ಸಿನಲ್ಲಿ ನಿಂತು ಬಂದ ಗೆಳೆಯ