ಭಾನುವಾರದ ವಿಷಯ: ಫೋರ್ಡ್ ಕಟ್ಟಿದ ಈಗಲ್ ದೋಣಿಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಗುಂಪಿನಲ್ಲಿ ಮಾತಾಡೋಣ ಅಂದದ್ದು, ಮೊದಲನೇ ಮಹಾಯುದ್ಧದಲ್ಲಿ ಫೋರ್ಡ್ ಕಾರು ಕಂಪನಿ ಅಮೆರಿಕದ ನೌಕಾಪಡೆಗೆ ಕಟ್ಟಿದ ಗಸ್ತು ದೋಣಿಗಳ ಬಗ್ಗೆ.

ಜರ್ಮನ್ ಸಬ್‌ಮರೀನ್‌ಗಳನ್ನು ಬೆನ್ನಟ್ಟಲು ಸುಮಾರು 200 ಅಡಿ ಉದ್ದದ ಉಕ್ಕಿನ ದೋಣಿಗಳು ಬೇಕಿದ್ದವು. ಕಾರಿನ ಹಾಗೆ ಸಾಲಾಗಿ ಜೋಡಿಸಬಹುದು ಎಂಬುದು ಹೆನ್ರಿ ಫೋರ್ಡ್ ನಂಬಿಕೆ. ಡೆಟ್ರಾಯಿಟ್ ಹತ್ತಿರ ರೂಜ್ ನದಿ ದಡದಲ್ಲಿ ಕಾರ್ಖಾನೆ ಎದ್ದಿತು. ಕೆಲಸ ಸುಲಭವಾಗಲಿ ಎಂದು ಆದಷ್ಟೂ ಚಪ್ಪಟೆ ತಗಡುಗಳನ್ನೇ ಬಳಸಿದರು. ಮೊದಲ ದೋಣಿ 1918ರ ಜುಲೈನಲ್ಲಿ ನೀರಿಗಿಳಿಯಿತು. ಆದರೆ ಹಡಗು ಕಾರಲ್ಲ, ಅಲ್ವಾ? ಕೆಲಸಗಾರರಿಗೆ ಅನುಭವವಿರಲಿಲ್ಲ. ನವೆಂಬರ್‌ನಲ್ಲಿ ಯುದ್ಧವೇ ಮುಗಿಯಿತು. 112 ದೋಣಿಗಳ ಆರ್ಡರ್ 60ಕ್ಕೆ ನಿಂತಿತು.

ನನ್ನನ್ನು ಜಾಸ್ತಿ ಕಾಡುವುದು ಈ ದೋಣಿಗಳಲ್ಲೊಂದಾದ ಈಗಲ್ 56. 1945ರ ಏಪ್ರಿಲ್ 23ರಂದು ಮೇನ್ ರಾಜ್ಯದ ಕರಾವಳಿಯಲ್ಲಿ ಅದು ಮುಳುಗಿ 49 ಜನ ಸತ್ತರು. ಬಾಯ್ಲರ್ ಸಿಡಿಯಿತು ಎಂದು ನೌಕಾಪಡೆ ಹೇಳಿತು. ಸಬ್‌ಮರೀನ್ ಕಂಡೆವು ಎಂದ ನಾವಿಕರ ಮಾತಿಗೆ ಬೆಲೆ ಸಿಗಲಿಲ್ಲ. ಅದು ಜರ್ಮನ್ ದಾಳಿ ಎಂದು ಒಪ್ಪಿದ್ದು 2001ರಲ್ಲಿ! ಇದರ ಬಗ್ಗೆಯೇ ಹೆಚ್ಚು ಮಾತಾಡಬೇಕೆಂಬುದು ನನ್ನ ಆಸೆ.

ಚಿತ್ರ ಹಾಕುವವರು ಗಮನಿಸಿ: ಎರಡನೇ ಮಹಾಯುದ್ಧದ ಪಿಟಿ ದೋಣಿಗಳು (ಟಾರ್ಪಿಡೊ ಹೊತ್ತ ಸಣ್ಣ, ವೇಗದ ದೋಣಿಗಳು) ಬೇರೆ. ಅವುಗಳಿಗೆ ಕಾರು ಕಂಪನಿ ಪ್ಯಾಕಾರ್ಡ್ ಎಂಜಿನ್ ಮಾತ್ರ ಕೊಟ್ಟಿತ್ತು. ಎರಡನ್ನೂ ಬೆರೆಸಬೇಡಿ. ಚಿತ್ರದ ಜೊತೆ ವರ್ಷವನ್ನೂ ಬರೆಯಿರಿ.