ಕ್ರಿಯಾಪದ ಬರುವ ತನಕ ತಡಿ

ಕೊಪ್ಪಳ

ಮುದ್ದಿನ ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ಮೊನ್ನೆ ನೀನು ವಾಟ್ಸಾಪಿನಲ್ಲಿ ಕಳಿಸಿದ, ರೋಮಿನ ಸೇನಾಪತಿ ಸೀಸರ್ ಗಾಲ್ ಯುದ್ಧದ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಪುಟದ ಫೋಟೋ ದೊಡ್ಡದು ಮಾಡಿ ನೋಡಿದೆ. ಪ್ರತಿ ಪದದ ತಲೆಯ ಮೇಲೆ ಪೆನ್ಸಿಲಿನಲ್ಲಿ ಇಂಗ್ಲಿಷ್ ಅರ್ಥ, ಕೆಳಗೆ ಒಂದು, ಎರಡು, ಮೂರು ಎಂದು ಅಂಕಿ. ಕ್ರಿಯಾಪದವನ್ನು ಹುಡುಕಿ ಹಿಡಿದು, ಇಂಗ್ಲಿಷಿನ ಸಾಲಿಗೆ ತಂದು ನಿಲ್ಲಿಸಿದ್ದೀ. 'ಹತ್ತು ಸಾಲಿಗೆ ಮೂರು ತಾಸು ಹಿಡೀತು ಅಜ್ಜ, ಈ ಲ್ಯಾಟಿನ್ ನನ್ನ ತಲೆಗೆ ಹತ್ತೋದಿಲ್ಲ' ಅಂತ ಬರೆದಿದ್ದೀ. ಹತ್ತುತ್ತದೆ ಅವ್ವಾ.

ಬೇಸಿಗೆ ರಜೆಯಲ್ಲಿ ನೀನು ಇಲ್ಲಿ ಬಿಟ್ಟುಹೋದ ಮೊದಲ ವರ್ಷದ ಲ್ಯಾಟಿನ್ ಪಠ್ಯಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇನೆ. 'ಪುವೆರ್ ಲಿಬ್ರುಂ ಲೆಗಿತ್' ಅಂದರೆ 'ಹುಡುಗ ಪುಸ್ತಕವನ್ನು ಓದುತ್ತಾನೆ'. ಪದಕ್ಕೆ ಪದ, ನಮ್ಮದೇ ಸಾಲು. 'ಲೆಗೋ' ಅಂದರೆ 'ಓದುತ್ತೇನೆ'. 'ನಾನು' ಎನ್ನುವುದೇ ಬೇಕಿಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆಂದು ನಿನ್ನ ಜೊತೆಯವರು ಕಂಗಾಲಾಗಲಿ, ನೀನು ತೊಟ್ಟಿಲಿನಿಂದಲೇ ಅದಕ್ಕೆ ಕಾದು ಬೆಳೆದವಳು. ಇಂಗ್ಲಿಷಿನ ಓಣಿ ಸುತ್ತಿ ಯಾಕೆ ಹೋಗುತ್ತೀ?

ಪದಗಳು ಬಂದ ಹಾಗೆ ತೆಗೆದುಕೋ. 'ಪುವೆಲ್ಲೈ' ಎಂದು ಬಂತು. ಅದು 'ಹುಡುಗಿಯ' ಇರಬಹುದು, 'ಹುಡುಗಿಗೆ' ಇರಬಹುದು, 'ಹುಡುಗಿಯರು' ಕೂಡ ಇರಬಹುದು. ಕನ್ನಡದ ಪ್ರತ್ಯಯ ಇಷ್ಟು ಮೋಸ ಮಾಡುವುದಿಲ್ಲ, ಇಲ್ಲಿ ಮಾತ್ರ ಎಚ್ಚರ ಬೇಕು. ಆಗಲೇ ತೀರ್ಮಾನ ಮಾಡಬೇಡ, ಮೂರನ್ನೂ ಕೈಯಲ್ಲಿ ಹಿಡಿದು ಮುಂದೆ ಹೋಗು, ಮುಂದಿನ ಪದಗಳು ಬಿಡಿಸುತ್ತವೆ. 'ತಾಂ ಫೆಸ್ಸುಸ್ ಎರತ್ ಉತ್ ದೊರ್ಮೀರೆತ್', 'ಎಷ್ಟು ದಣಿದಿದ್ದ ಅಂದರೆ ಮಲಗಿಬಿಟ್ಟ' ಎಂಬ ಮಾತು ನೋಡು. 'ತಾಂ' ಕಿವಿಗೆ ಬಿದ್ದ ಕೂಡಲೇ 'ಉತ್' ಬರಬಹುದೆಂದು ಮನಸ್ಸು ಎದ್ದು ಕೂರಬೇಕು. 'ಎಷ್ಟು ದಣಿದಿದ್ದ' ಅಂದ ಮೇಲೆ 'ಅಂದರೆ' ಬರಬೇಕಲ್ಲ, ಹಾಗೆ.

ನೀನು ಸಿಕ್ಕಿಬಿದ್ದಿರುವ ಜಾಗ ನಿಜವಾಗಿಯೂ ಕಷ್ಟದ್ದು. ಸೀಸರನ ಕೃತಿಯ ಮೊದಲನೆಯ ಭಾಗದ 13ನೇ ಅಧ್ಯಾಯ, ಸೀಸರ್ ಒಂದೇ ದಿನದಲ್ಲಿ ಹೊಳೆ ದಾಟಿದ್ದನ್ನು ಕಂಡು ಬೆಚ್ಚಿದ ಹೆಲ್ವೆಟಿಯರೆಂಬ ಬುಡಕಟ್ಟಿನವರು ತಮ್ಮ ಮುದುಕ ನಾಯಕ ಡಿವಿಕೋನನ್ನು ಮಾತಿಗೆ ಕಳಿಸುವುದು. ಅವನ ಮಾತಿಗೆ ನಾವಾದರೆ ಕೊನೆಗೊಂದು 'ಎಂದು' ಹಚ್ಚುತ್ತೇವೆ. ಲ್ಯಾಟಿನ್ನಿನಲ್ಲಿ ಅದಿಲ್ಲ. 'ದೀಕಿತ್ ಪುವೆರುಂ ವೆನೀರೆ', 'ಹುಡುಗ ಬರುತ್ತಾನೆ ಎಂದು ಹೇಳುತ್ತಾನೆ': ಹುಡುಗ ದ್ವಿತೀಯಾ ವಿಭಕ್ತಿಗೆ ಇಳಿದ, ಕ್ರಿಯಾಪದ 'ಬರಲು' ಎಂಬಂಥ ರೂಪಕ್ಕೆ ಹೋಯಿತು. 'ವೇನಿಸ್ಸೆ' ಇದ್ದರೆ ಅವನು ಆಗಲೇ ಬಂದಾಗಿದೆ. ಡಿವಿಕೋನ ಮಾತಿಗೆ ಮೊದಲು 'ಏಗಿತ್', ಅಂದರೆ 'ಮಾತಾಡಿದ', ಎಂದು ಒಮ್ಮೆ ಬರುತ್ತದೆ; ಆಮೇಲಿನ ಮಾತೆಲ್ಲ ಅದರ ನೆರಳಿನಲ್ಲಿ. ಹೇಳಿಕೆಯ ಮುಖ್ಯ ವಾಕ್ಯದ ಕ್ರಿಯಾಪದ ಇನ್ಫಿನಿಟಿವ್, ಅಂದರೆ ಆ 'ಬರಲು' ಬಗೆಯ ರೂಪ; ಅದಕ್ಕೆ ಜೋತುಬಿದ್ದ ಉಪವಾಕ್ಯದ್ದು ಸಬ್ಜಂಕ್ಟಿವ್ ಎಂಬ ಇನ್ನೊಂದು ಕ್ರಿಯಾರೂಪ. ಇದೊಂದನ್ನು ಹಿಡಿದು ಕೂತರೆ ಆ ಪುಟ ತೆರೆದುಕೊಳ್ಳುತ್ತದೆ.

ಧಾತುವಿನ ನಾಲ್ಕು ರೂಪಗಳನ್ನು ಒಟ್ಟಿಗೇ ಬಾಯಿಪಾಠ ಮಾಡು. 'ಹೊರು' ಎಂಬುದಕ್ಕೆ 'ಫೆರೋ, ಫೆರ್ರೆ, ತುಲೀ, ಲಾತುಂ'. 'ಸಾಯು' ಗೊತ್ತಿದ್ದು 'ಸತ್ತ' ಗೊತ್ತಿಲ್ಲದವನು ಕನ್ನಡ ಹೇಗೆ ಓದಿಯಾನು?

ಇನ್ನು ಆ ಪೆನ್ಸಿಲಿನ ಅರ್ಥಗಳು ಬೇಡ ಅನ್ನಲು ಕಾರಣವಿದೆ. ಧಾರವಾಡದಲ್ಲಿ ಎಂ.ಎ. ಓದುವಾಗ ನಾನೂ ಪಂಪಭಾರತದ ಪದ್ಯ ಪದ್ಯದ ಮೇಲೆ ಅರ್ಥ ಬರೆದುಕೊಂಡಿದ್ದೆ. ವರ್ಷದ ಕೊನೆಗೆ ಗುರುಗಳು ಏನೂ ಬರೆಯದ ಪ್ರತಿ ಕೈಗಿತ್ತು ಓದು ಅಂದರು. ಒಂದು ಕಂದಪದ್ಯ ದಾಟಲಿಲ್ಲ. ವರ್ಷವಿಡೀ ನನ್ನ ಕಣ್ಣು ಓದಿದ್ದು ಪೆನ್ಸಿಲನ್ನು, ಪಂಪನನ್ನಲ್ಲ. ಕನ್ನಡದ ತಿರುಳಿನ ಸೀಮೆ ಹೇಳುವಾಗ ಕವಿರಾಜಮಾರ್ಗ 'ಮಹಾಕೊಪಣನಗರ' ಎಂದು ಹೆಸರಿಸಿದ ಊರಿನವನು ನಾನು, ತಲೆ ತಗ್ಗಿಸಿ ನಿಂತಿದ್ದೆ. ಆಮೇಲೆ ಹೊಸ ಪ್ರತಿ ಕೊಂಡು, ದಿನಾ ಬೆಳಿಗ್ಗೆ ನಿನ್ನೆಯ ಹತ್ತು ಪದ್ಯ ಗಟ್ಟಿಯಾಗಿ ಓದಿದ ಮೇಲೆಯೇ ಹೊಸದಕ್ಕೆ ಕೈ ಹಾಕುತ್ತಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಪಂಪ ನೇರವಾಗಿ ಕೇಳಿಸತೊಡಗಿದ.

ಆ ಪುಟವನ್ನು ಇವತ್ತೇ ರಬ್ಬರಿನಿಂದ ಒರೆಸಿಬಿಡು. ಅರ್ಥ ಬೇಕಾದರೆ ಬೇರೆ ವಹಿಯಲ್ಲಿ ಬರೆದುಕೋ. ಭಾನುವಾರ ಡಿವಿಕೋನ ಮಾತನ್ನು ಗಟ್ಟಿಯಾಗಿ ಓದಿ ಧ್ವನಿ ಕಳಿಸು, ಅರ್ಥ ಕನ್ನಡದಲ್ಲಿ ಹೇಳು. ನಾನು ಪುಸ್ತಕ ತೆರೆದುಕೊಂಡು ಕೂತಿರುತ್ತೇನೆ. ಅಜ್ಜಿ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ, ಈ ವಾರ ಪಾರ್ಸೆಲ್ ಹಾಕುತ್ತೇನೆ.

ನಿನ್ನ ಅಜ್ಜ